ತಿನ್ನೋದಕ್ಕೆ ಇಂಗ್ಲಿಷಲ್ಲಿ ಎಷ್ಟೊಂದು ಶಬ್ದ! ಬದಿಯಡ್ಕ ಕಡೆಯ ಒಂದು ಸಂಜೆ ಕ್ಲಾಸಿನ ರಿವ್ಯೂ

ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ ಒಬ್ರು ರಿಟೈರ್ಡ್ ಟೀಚರ್ ತಮ್ಮ ಮನೆಯ ಮಹಡಿಯಲ್ಲಿ ಶನಿವಾರ ಆದಿತ್ಯವಾರ ಸಂಜೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಮಾಡ್ತಾರೆ. ಹೊರಗೆ ಹೆಸರಿನ ಬೋರ್ಡಿಲ್ಲ, ನೆಟ್ಟಲ್ಲಿ ಪೇಜಿಲ್ಲ, ಹೆಸರು ಹಾಕೋದು ಬೇಡ ಅಂತ ಅವರೇ ಹೇಳಿದ್ದಕ್ಕೆ ನಾನೂ ಹಾಕ್ತಾ ಇಲ್ಲ, ಆದ್ರೆ ರಿವ್ಯೂ ಬರೀಲೇಬೇಕು ಅನ್ನಿಸ್ತು. ಯಾಕಂದ್ರೆ ನಮ್ಮ ಕಾಸರಗೋಡಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇಂಗ್ಲಿಷ್ ಕಲೀಲಿಕ್ಕೆ ಸಿಗೋ ಕ್ಲಾಸುಗಳಲ್ಲಿ ಹೆಚ್ಚಿನವು ಮಲಯಾಳದಲ್ಲಿ ವಿವರಿಸುವಂಥದ್ದು, ಇಲ್ಲದ್ರೆ ಮಂಗಳೂರಿಗೆ ಬಸ್ ಹತ್ತಬೇಕು, ಹೋಗಿ ಬರೋದ್ರಲ್ಲೇ ದಿವಸ ಮುಗೀತದೆ. ಕನ್ನಡ ತುಳು ಮಲಯಾಳ ಹವ್ಯಕ ಎಲ್ಲ ಗೊತ್ತಿದ್ದು, ಬಂದವರ ಮನೆಮಾತು ಹಿಡ್ಕೊಂಡೇ ಇಂಗ್ಲಿಷ್ ಕಲಿಸೋರು ಇವರೊಬ್ರನ್ನೇ ನಾನು ನೋಡಿದ್ದು.

ಎಲ್ಲ ಪಾಠದ ಬಗ್ಗೆ ಬರೆದ್ರೆ ಮುಗಿಯೋದಿಲ್ಲ, ಹಾಗಾಗಿ ತಿನ್ನೋದು ಉಣ್ಣೋದರ ಶಬ್ದಗಳ ಪಾಠ ಒಂದನ್ನೇ ತಗೊಳ್ತೇನೆ. ಅದಕ್ಕೆ ಕಾರಣವೂ ಉಂಟು, ನಮ್ಮ ಮನೆಯಲ್ಲಿ ಎರಡು ರೂಮು ಹೋಂಸ್ಟೇಗೆ ಕೊಡ್ತೇವೆ, ಬೇಕಲ ಕೋಟೆ, ಅನಂತಪುರ ಕೆರೆ ದೇವಸ್ಥಾನ ನೋಡ್ಲಿಕ್ಕೆ ಬಂದ ಹೊರಗಿನವರು ಆಗಾಗ ಉಳ್ಕೊಳ್ತಾರೆ, ಅವರ ಹತ್ರ ನಮ್ಮ ಮಾತೆಲ್ಲ ಊಟದ್ದೇ. ನನ್ನ ಜೊತೆ ಕ್ಲಾಸಲ್ಲಿದ್ದವರಲ್ಲಿ ವಿದೇಶಕ್ಕೆ ಹೋಗುವ ಪರೀಕ್ಷೆಗೆ ಓದ್ತಾ ಇದ್ದ ನರ್ಸ್ ಹುಡುಗಿ ಒಬ್ಳು, ಕಾಸರಗೋಡಲ್ಲಿ ಹೋಟೆಲಲ್ಲಿ ಸಪ್ಲೈ ಮಾಡೋ ಹುಡುಗ ಒಬ್ಬ, ಆಡು ಸಾಕುವ ಅಣ್ಣ ಒಬ್ರು. ನಾಲ್ಕು ಜನಕ್ಕೂ ಊಟದ ಶಬ್ದ ಬೇಕು, ಒಬ್ಬೊಬ್ಬರಿಗೆ ಒಂದೊಂದು ಕಾರಣಕ್ಕೆ.

ಟೀಚರ್ ಇಂಗ್ಲಿಷಿಂದ ಶುರು ಮಾಡಲೇ ಇಲ್ಲ. ಮೊದಲು ನಾವು ಎಂತೆಂತ ತಿಂತೇವೆ, ಎಂತ ಉಣ್ತೇವೆ, ಎಂತ ಕುಡೀತೇವೆ ಬೇರೆ ಬೇರೆ ಬರೀಲಿಕ್ಕೆ ಹೇಳಿದ್ರು. ದೋಸೆ ತಿನ್ನೋದು, ಅನ್ನ ಉಣ್ಣೋದು, ಗಂಜಿ ಉಣ್ಣೋದು, ಹಲಸಿನ ಹಣ್ಣು ತಿನ್ನೋದು, ಕಷಾಯ ಕುಡಿಯೋದು, ಎಲೆಡಿಕೆ ಹಾಕೋದು ಅಂತ ಬರೆದ್ವಿ. ಆಮೇಲೆ ಹೇಳಿದ್ರು, ನೋಡಿ, ನಿಮಗೆ ಉಣ್ಣೋದಕ್ಕೂ ತಿನ್ನೋದಕ್ಕೂ ವ್ಯತ್ಯಾಸ ಯಾರೂ ಕಲಿಸಿಲ್ಲ, ಆದ್ರೂ ಯಾರೂ ದೋಸೆ ಉಂಡೆ ಅಂತ ಹೇಳೋದಿಲ್ಲ, ಇಂಗ್ಲಿಷಿನವರಿಗೂ ಅವರ ಶಬ್ದಗಳ ಬಗ್ಗೆ ಇಂಥದ್ದೇ ಒಂದು ಅಂದಾಜು ಉಂಟು, ಅದನ್ನು ಹಿಡೀಬೇಕು ಅಂತ. ಈಟ್ ಅನ್ನೋದ್ರೊಳಗೆ ನಮ್ಮ ಉಣ್ಣು ತಿನ್ನು ಎರಡೂ ಸೇರಿ ಹೋಗ್ತದೆ, ಆದ್ರೆ ಬೇರೆ ಕಡೆ ಅವರು ಭೇದ ಮಾಡ್ತಾರೆ, ನಾವು ಮಾಡೋದಿಲ್ಲ.

ಉದಾಹರಣೆಗೆ ಸೂಪ್. ಬಟ್ಟಲಲ್ಲಿ ಹಾಕಿ ಸ್ಪೂನಲ್ಲಿ ತಗೊಂಡ್ರೆ ಇಂಗ್ಲಿಷಲ್ಲಿ ಅದು ಈಟ್, ಕಪ್ಪಲ್ಲಿ ಬಾಯಿಗಿಟ್ಟು ಕುಡಿದ್ರೆ ಡ್ರಿಂಕ್. ಹಾಗಾದ್ರೆ ನಮ್ಮ ಗಂಜಿ ಎಂತದು ಅಂತ ಹೋಟೆಲ್ ಹುಡುಗ ಕೇಳಿದ, ಸ್ಪೂನಲ್ಲಿ ಉಂಡ್ರೆ ಈಟ್, ತಿಳಿ ಮಾತ್ರ ಲೋಟದಲ್ಲಿ ಕುಡಿದ್ರೆ ಡ್ರಿಂಕ್ ಅಂದ್ರು. ಮಾತ್ರೆಗೆ ಈಟ್ ಇಲ್ಲ, ಟೇಕ್. ಬೆಳಗ್ಗಿನ ತಿಂಡಿ ಮಧ್ಯಾಹ್ನದ ಊಟ ಎಲ್ಲದಕ್ಕೂ ಮಾತಲ್ಲಿ ಹ್ಯಾವ್ ಬರೋದೇ ಹೆಚ್ಚು, ಹ್ಯಾವ್ ಬ್ರೇಕ್‌ಫಾಸ್ಟ್, ಹ್ಯಾವ್ ಲಂಚ್. ಈಟ್ ಅಂದ್ರೆ ತಪ್ಪೇನಿಲ್ಲ, ಹ್ಯಾವ್ ಹೆಚ್ಚು ಸಹಜ ಅಷ್ಟೇ. ಮತ್ತೆ ನಾವು ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಊಟ ಆಯ್ತಾ ಅಂತ ಕೇಳ್ತೇವಲ್ಲ, ತುಳುವಲ್ಲಿ ಒಣಸ್ ಆಂಡಾ, ಮಲಯಾಳದಲ್ಲಿ ಊಣ್ ಕಳಿಞ್ಞೋ, ಅದೆಲ್ಲ ಬರೀ ಕ್ಷೇಮ ಸಮಾಚಾರ. ಇಂಗ್ಲಿಷಿನವರನ್ನು ಹಾಗೇ ಕೇಳಿದ್ರೆ ಊಟಕ್ಕೆ ಕರೀತಿದ್ದಾರಾ ಅಂತ ಅವರಿಗೆ ಅನ್ನಿಸಬಹುದು. ಹೋಂಸ್ಟೇ ನಡೆಸೋರು ಇದೊಂದನ್ನು ಗಮನದಲ್ಲಿ ಇಟ್ಕೊಳ್ಳಿ.

ಎಲೆಡಿಕೆ ವಿಷಯಕ್ಕೆ ಬರುವಾಗ ಕ್ಲಾಸಿಗೆ ಜೀವ ಬಂತು, ಅಡಿಕೆ ತೋಟದ ಊರಲ್ವಾ. ನಾವು ಎಲೆಡಿಕೆ ತಿನ್ನೋದು ಅಂತಲೂ ಹೇಳ್ತೇವೆ, ಇಂಗ್ಲಿಷಲ್ಲಿ ಅದಕ್ಕೆ ಚ್ಯೂ ಅಂತಾರೆ, ಜಗಿಯೋದು. ಈಟ್ ಅಂದ್ರೆ ಹೊಟ್ಟೆಗೆ ಹೋಗಬೇಕು, ಎಲೆಡಿಕೆ ಜಗಿದು ರಸ ಉಗಿಯೋದಲ್ವಾ. ಟೀಚರ್ ಇಲ್ಲಿ ಬೋರ್ಡಲ್ಲಿ ಒಂದು ದಾರಿ ಎಳೆದು ತೋರ್ಸಿದ್ರು, ಬೈಟ್ ಅಂದ್ರೆ ಹಲ್ಲಿಂದ ಕಚ್ಚಿ ತುಂಡು ಮಾಡೋದು, ಚ್ಯೂ ಅಂದ್ರೆ ಅಗಿಯೋದು, ಸ್ವಾಲೋ ಅಂದ್ರೆ ನುಂಗೋದು, ಬಾಯಿಯಿಂದ ಗಂಟಲಿನವರೆಗೆ ಒಂದೊಂದು ಕಡೆ ಒಂದೊಂದು ಶಬ್ದ, ಈಟ್ ಮಾತ್ರ ಇಡೀ ದಾರಿಗೆ. ನರ್ಸ್ ಹುಡುಗಿಗೆ ಇದು ಆಟದ ಮಾತಲ್ಲ. ಕೆಲವು ಮಾತ್ರೆಗಳ ಚೀಟಿಯಲ್ಲಿ ಸ್ವಾಲೋ ಹೋಲ್, ಡು ನಾಟ್ ಕ್ರಶ್ ಆರ್ ಚ್ಯೂ ಅಂತ ಇರ್ತದೆ, ಇಡಿಯಾಗಿ ನುಂಗಬೇಕು. ಔಷಧಿ ನಿಧಾನಕ್ಕೆ ಬಿಡುಗಡೆ ಆಗೋ ಹಾಗೆ ಮಾಡಿದ ಮಾತ್ರೆ ಅಗಿದ್ರೆ ಇಡೀ ದಿವಸದ ಔಷಧಿ ಒಮ್ಮೆಲೇ ಒಳಗೆ ಹೋಗ್ಬಹುದು. ಇನ್ನು ಕೆಲವು ಮಾತ್ರೆ ಚ್ಯೂವಬಲ್, ಅಗಿದೇ ತಿನ್ನಬೇಕು. ಊಟ ಸರಿ ಮಾಡದ ರೋಗಿಗೆ ಬ್ರಿಟನ್ನಿನಲ್ಲಿ ಆಫ್ ಹಿಸ್ ಫುಡ್ ಅಂತಾರೆ, ತಟ್ಟೆ ಎದುರಿಟ್ಟುಕೊಂಡು ಸುಮ್ಮನೆ ಕೆದಕ್ತಾ ಒಂದಗುಳು ಎರಡಗುಳು ಬಾಯಿಗೆ ಹಾಕೋದಕ್ಕೆ ಪಿಕ್ ಅಟ್, ನುಂಗ್ಲಿಕ್ಕೆ ಕಷ್ಟ ಆಗೋದು ಬೇರೆಯೇ ವಿಷಯ, ಅದು ಗಂಟಲಿನ ತೊಂದರೆ. ಮೂರನ್ನೂ ನಾಟ್ ಈಟಿಂಗ್ ಅಂತ ಒಂದೇ ಬರೆದ್ರೆ ಡಾಕ್ಟರಿಗೆ ಎಂತ ಗೊತ್ತಾಗ್ಬೇಕು? ಆ ಹುಡುಗಿ ಅದನ್ನು ಕೆಂಪು ಪೆನ್ನಲ್ಲಿ ಗೀಟು ಹಾಕಿ ಬರ್ಕೊಂಡಳು.

ಗಡಿಬಿಡಿಯಲ್ಲಿ ತಿನ್ನೋ ಶಬ್ದಗಳೇ ಒಂದು ರಾಶಿ ಉಂಟು. ಗಾಬಲ್ ಅಂದ್ರೆ ಬೇಗ ಬೇಗ, ಸ್ವಲ್ಪ ಶಬ್ದ ಮಾಡ್ತಾ ಮುಕ್ಕೋದು. ವುಲ್ಫ್ ಡೌನ್ ಅಂದ್ರೆ ತೋಳದ ಹಾಗೆ ಕಬಳಿಸೋದು. ಬೋಲ್ಟ್ ಅಂದ್ರೆ ಅಗೀಲಿಕ್ಕೂ ಪುರುಸೊತ್ತಿಲ್ಲದೆ ಒಳಗೆ ತಳ್ಳೋದು, ಬಸ್ಸಿಗೆ ಹೊತ್ತಾಯ್ತು ಅಂತ ಮಕ್ಕಳು ಇಡ್ಲಿ ನುಂಗ್ತಾರಲ್ಲ ಅದು. ಡಿವೌರ್ ಇದಕ್ಕಿಂತ ದೊಡ್ಡದು, ಅದ್ರಲ್ಲಿ ಹಸಿವಿನ ಆಸೆ ಉಂಟು, ಬೆಂಕಿ ಕಾಡನ್ನು ಡಿವೌರ್ ಮಾಡ್ತದೆ, ಪುಸ್ತಕದ ಹುಚ್ಚಿರೋರು ಪುಸ್ತಕ ಡಿವೌರ್ ಮಾಡ್ತಾರೆ, ಬೋಲ್ಟನ್ನು ಪುಸ್ತಕಕ್ಕೆ ಹಾಗೆ ಹೇಳೋದಿಲ್ಲ. ಟೀಚರ್ ಇದನ್ನೆಲ್ಲ ಬಾಯಲ್ಲಿ ಹೇಳಿ ಬಿಡೋದಿಲ್ಲ, ಒಂದು ತಟ್ಟೆ ಹಲಸಿನಕಾಯಿ ಹಪ್ಪಳ ತಂದಿಟ್ಟು ಒಬ್ಬೊಬ್ಬರಿಗೆ ಒಂದೊಂದು ಚೀಟಿ ಕೊಟ್ರು, ಚೀಟಿಯಲ್ಲಿ ಇರೋ ಹಾಗೆ ತಿಂದು ತೋರ್ಸಬೇಕು, ಉಳಿದವರು ಶಬ್ದ ಹೇಳ್ಬೇಕು. ಆಡಿನ ಅಣ್ಣ ನಿಬಲ್ ಅಂತ ಬಂದ ಚೀಟಿಗೆ ಹಪ್ಪಳದ ಅಂಚನ್ನು ಮುಂದಿನ ಹಲ್ಲಲ್ಲಿ ಚೂರು ಚೂರು ಕಚ್ಚಿ ತೋರ್ಸಿದ್ರು, ಯಾರೂ ಅದನ್ನು ಇನ್ನು ಮರೆಯೋದಿಲ್ಲ.

ನಿಬಲ್‌ಗೂ ನಾ ಅನ್ನೋದಕ್ಕೂ ವ್ಯತ್ಯಾಸ ಹೇಳ್ಲಿಕ್ಕೆ ತೆಂಗಿನ ಮರ ಬಂತು. ಈ ನಾ ಬರೆಯುವಾಗ ಮುಂದೆ ಒಂದು ಜಿ ಇರ್ತದೆ, ಓದುವಾಗ ಇಲ್ಲ. ಇಲಿ ಮರ ಹತ್ತಿ ಎಳೆ ಬೊಂಡಕ್ಕೆ ತೂತು ಕೊರೀತದಲ್ಲ, ಗಟ್ಟಿ ಸಿಪ್ಪೆ, ಬಿಡದೆ ಕೊರೀತಾ ಇರಬೇಕು, ಅದು ನಾ. ನಾಯಿ ಎಲುಬು ಕಚ್ತಾ ಕೂತದ್ದೂ ನಾ. ಮನಸ್ಸನ್ನು ಒಂದು ಚಿಂತೆ ಕೊರೀತಾ ಇದ್ರೆ ಅದಕ್ಕೂ ಇದೇ ಶಬ್ದ, ನಾವೂ ಕೊರೆಯೋದು ಅಂತಲೇ ಹೇಳೋದಲ್ವಾ. ಅಲ್ಲಿಂದ ಟೀಚರ್ ಫ್ರೆಟ್‌ಗೆ ಹೋದ್ರು. ಫ್ರೆಟ್ ಅಂದ್ರೆ ಈಗ ಸುಮ್ಮನೆ ಚಿಂತೆ ಮಾಡೋದು, ಹಳೇ ಇಂಗ್ಲಿಷಲ್ಲಿ ಅದರ ಅರ್ಥ ತಿಂದು ಹಾಕೋದು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಮನುಷ್ಯರು ತಿಂದ್ರೆ ಎಸ್ಸೆನ್, ಪ್ರಾಣಿಗಳು ತಿಂದ್ರೆ ಫ್ರೆಸ್ಸೆನ್, ಆ ಫ್ರೆಸ್ಸೆನ್‌ನ ಅಕ್ಕನೋ ತಂಗಿಯೋ ಈ ಫ್ರೆಟ್. ನನಗೆ ಇದು ಬಹಳ ಹಿಡಿಸ್ತು, ಚಿಂತೆ ಮನುಷ್ಯನನ್ನು ತಿಂತದೆ ಅಂತ ನಮ್ಮ ಅಜ್ಜಿಯಂದಿರು ಹೇಳೋದೂ ಅದನ್ನೇ.

ಆಡಿನ ಅಣ್ಣನಿಗಾಗಿ ಇದ್ದ ಭಾಗ ನನ್ನ ಪ್ರಕಾರ ಇಡೀ ಕ್ಲಾಸಲ್ಲಿ ಎಲ್ಲಕ್ಕಿಂತ ಚಂದದ್ದು. ನಮಗೆ ದನವೂ ಮೇಯ್ತದೆ ಆಡೂ ಮೇಯ್ತದೆ, ಮೇಯೋದು ಒಂದೇ. ಇಂಗ್ಲಿಷಲ್ಲಿ ದನ ನೆಲದ ಹುಲ್ಲು ಮೇಯೋದಕ್ಕೆ ಗ್ರೇಸ್, ಆಡು ಮುಂಗಾಲೆತ್ತಿ ಪೊದೆಯ ಚಿಗುರು, ಎಲೆ, ಎಳೆ ಕಡ್ಡಿ ಆರಿಸಿ ಆರಿಸಿ ತಿನ್ನೋದಕ್ಕೆ ಬ್ರೌಸ್. ಹೌದು, ನೆಟ್ಟಲ್ಲಿ ಬ್ರೌಸ್ ಮಾಡ್ತೇವಲ್ಲ ಅದೇ ಬ್ರೌಸ್! ಹಳೇ ಫ್ರೆಂಚಿನ ಚಿಗುರು ಮೇಯೋ ಶಬ್ದದಿಂದ ಬಂದದ್ದು, ಆಮೇಲೆ ಅಂಗಡಿಯಲ್ಲಿ ಪುಸ್ತಕ ಅಲ್ಲೊಂದು ಇಲ್ಲೊಂದು ತೆಗೆದು ನೋಡೋದಕ್ಕೆ ಬಂತು, ಕೊನೆಗೆ ಕಂಪ್ಯೂಟರಿಗೆ ಬಂತು. ಅಣ್ಣ ಕೂಡ್ಲೇ ಹೇಳಿದ್ರು, ಸರಿಯೇ ಉಂಟು ಟೀಚರ್, ಆಡು ಒಂದು ಗಿಡವನ್ನು ಪೂರ್ತಿ ತಿಂದು ಮುಗಿಸಿ ಮುಂದೆ ಹೋಗೋದೇ ಇಲ್ಲ, ಇಲ್ಲಿ ಎರಡು ಬಾಯಿ ಅಲ್ಲಿ ಎರಡು ಬಾಯಿ, ಹಾಗಾಗಿಯೇ ಬೇಲಿ ದಾಟೋದು ಅಂತ. ಗ್ರೇಸ್ ಕೂಡ ಈಗ ಮನುಷ್ಯರಿಗೆ ಬಂದಿದೆ, ಹೊತ್ತಿನ ಊಟ ಬಿಟ್ಟು ಇಡೀ ದಿವಸ ಚೂರು ಚೂರು ಬಾಯಾಡಿಸೋರಿಗೆ ಹೇಳ್ತಾರೆ. ಮತ್ತೆ ರೂಮಿನೇಟ್, ದನ ಮೆಲುಕು ಹಾಕೋದು, ಮನುಷ್ಯರು ಒಂದು ವಿಷಯವನ್ನೇ ಮತ್ತೆ ಮತ್ತೆ ಯೋಚನೆ ಮಾಡೋದೂ ರೂಮಿನೇಟ್. ಕನ್ನಡದ ಮೆಲುಕು ಹಾಕೋದಕ್ಕೂ ಇದೇ ಎರಡು ಅರ್ಥ. ಟೀಚರ್ ಶೆಲ್ಫಿಂದ ಕಿಟ್ಟೆಲರ ನಿಘಂಟು ಇಳಿಸಿ ಕನ್ನಡದ ಕಡೆಯಿಂದಲೂ ತೋರ್ಸಿದ್ರು, 1894ರಲ್ಲಿ ಮಂಗಳೂರಲ್ಲಿ ಬಾಸೆಲ್ ಮಿಷನ್ನಿನವರು ಅಚ್ಚು ಹಾಕಿದ ನಿಘಂಟು ಅದು, ಇವರ ಹತ್ರ ಇರೋದು ಆಮೇಲಿನ ಅಚ್ಚು.

ಇನ್ನು ಎಡಿಬಲ್, ಈಟಬಲ್. ಇದು ನಮ್ಮಂಥ ಅಡುಗೆಯವರಿಗೆ ತುಂಬಾ ಮುಖ್ಯ. ಎಡಿಬಲ್ ಅಂದ್ರೆ ತಿಂದ್ರೆ ವಿಷ ಅಲ್ಲ, ತಿನ್ನುವ ಜಾತಿಯದ್ದು. ಈಟಬಲ್ ಅಂದ್ರೆ ತಿನ್ನೋ ಹಾಗೆ ಉಂಟು, ಬಾಯಿಗೆ ಇಡಬಹುದು. ಮಳೆಗಾಲದಲ್ಲಿ ಗುಡ್ಡೆಯಲ್ಲಿ ಏಳೋ ಅಣಬೆ ನೋಡಿ ಕೇಳೋ ಪ್ರಶ್ನೆ ಎಡಿಬಲ್ಲಾ ಅಂತ, ಉಪ್ಪು ಜಾಸ್ತಿ ಆದ ಸಾಂಬಾರು ನೋಡಿ ಕೇಳೋದು ಈಟಬಲ್ಲಾ ಅಂತ. ಕೆಸುವಿನ ಎಲೆ ತಗೊಳ್ಳಿ, ಅದರ ವಿಜ್ಞಾನದ ಹೆಸರೇ ಕೊಲೊಕೇಸಿಯಾ ಎಸ್ಕುಲೆಂಟಾ, ಎಸ್ಕುಲೆಂಟಾ ಅಂದ್ರೆ ಲ್ಯಾಟಿನ್‌ನಲ್ಲಿ ತಿನ್ನುವಂಥದ್ದು ಅಂತ, ನಮ್ಮ ಮರಗೆಣಸಿನ ಹೆಸರಲ್ಲೂ ಅದೇ ಎಸ್ಕುಲೆಂಟಾ ಉಂಟು. ಆದ್ರೆ ಹಸಿ ಕೆಸು ಬಾಯಿಗಿಟ್ರೆ ಅದರಲ್ಲಿರೋ ಕ್ಯಾಲ್ಶಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ ಬಾಯಿ ಗಂಟಲೆಲ್ಲ ತುರಿಸ್ತದೆ. ಹುಣಸೆಹುಳಿ ಹಾಕಿ ಅರೆದು ಹಿಟ್ಟು ಹಚ್ಚಿ ಸುರುಳಿ ಸುತ್ತಿ ಚೆನ್ನಾಗಿ ಬೇಯಿಸಿ ಪತ್ರೊಡೆ ಮಾಡಿದ ಮೇಲೆಯೇ ಅದು ಈಟಬಲ್, ಈಟಬಲ್ ಎಂತ, ಎಷ್ಟು ಬಡಿಸಿದ್ರೂ ಸಾಲೋದಿಲ್ಲ. ನಮ್ಮ ಹೋಂಸ್ಟೇಯಲ್ಲಿ ಬಾಳೆ ಎಲೆ ಮೇಲೆ ಬಡಿಸಿದಾಗ ಎಲೆ ಎಡಿಬಲ್ಲಾ ಅಂತ ಒಬ್ರು ಗೆಸ್ಟ್ ಕೇಳಿದ್ರು, ಆ ಶಬ್ದ ಯಾಕೆ ಉಪಯೋಗಿಸಿದ್ರು ಅಂತ ಈಗ ಸ್ಪಷ್ಟ ಆಗ್ತದೆ. ನಮ್ಮ ದೇಶದಲ್ಲಿ ಬೋರ್ಡುಗಳಲ್ಲಿ ಈಟಬಲ್ಸ್ ಅಂತ ಬರೀತಾರಲ್ಲ, ಹೊರಗಿನ ಈಟಬಲ್ಸ್ ತರಬಾರದು ಅಂತ ಟಾಕೀಸಲ್ಲಿ, ಅದು ಇಲ್ಲಿ ಚಾಲ್ತಿಯಲ್ಲಿರೋ ಬಳಕೆ, ಬರೆದ್ರೆ ನಮ್ಮವರಿಗೆಲ್ಲ ಅರ್ಥ ಆಗ್ತದೆ, ಹೊರಗಿನವರಿಗೆ ಫುಡ್ ಅಥವಾ ಸ್ನ್ಯಾಕ್ಸ್ ಅಂದ್ರೆ ಬೇಗ ತಿಳೀತದೆ.

ಮೀಲ್ಸ್ ರೆಡಿ ಬೋರ್ಡಿನ ಕಥೆಯೂ ಹಾಗೇ. ನಮಗೆ ಮೀಲ್ಸ್ ಅಂದ್ರೆ ಅನ್ನ ಸಾರು ಪಲ್ಯ ಮಜ್ಜಿಗೆಯ ಒಂದು ಊಟ, ಅವರಿಗೆ ಮೀಲ್ ಅಂದ್ರೆ ಯಾವ ಹೊತ್ತಿನದ್ದಾದ್ರೂ ಒಂದು ಊಟ, ಮೀಲ್ಸ್ ಅಂದ್ರೆ ಹಲವು. ಈ ಮೀಲ್ ಶಬ್ದಕ್ಕೆ ಹಳೇ ಇಂಗ್ಲಿಷಲ್ಲಿ ಗೊತ್ತಾದ ಹೊತ್ತು ಅನ್ನೋ ಅರ್ಥ ಇತ್ತು ಅಂತ ಟೀಚರ್ ಹೇಳುವಾಗ ಹಿಂದೆ ಕೂತಿದ್ದ ಒಬ್ರು ಅಕ್ಕ, ಹಾಗಾದ್ರೆ ನಮ್ಮ ಒಪ್ಪೊತ್ತು ಅಂದ ಹಾಗೇ ಆಯ್ತಲ್ಲ ಅಂದ್ರು. ಎಂಥಾ ಸರಿಯಾದ ಮಾತು! ಒಪ್ಪೊತ್ತು ಅಂದ್ರೆ ಒಂದು ಹೊತ್ತು, ಅಂದ್ರೆ ಒಂದೇ ಊಟ. ಡೈನ್ ಅನ್ನೋದು ಸ್ವಲ್ಪ ಮರ್ಯಾದೆಯ ಶಬ್ದ, ಕೂತು ನಿಧಾನಕ್ಕೆ ರಾತ್ರಿಯ ದೊಡ್ಡ ಊಟ ಮಾಡೋದು, ಗಾಡಿ ಹತ್ರ ನಿಂತು ಆಮ್ಲೆಟ್ ತಿಂದ್ರೆ ಅದು ಡೈನ್ ಅಲ್ಲ. ಬೇರು ಹುಡುಕ್ತಾ ಹೋದ್ರೆ ಡಿನ್ನರೂ ಉಪವಾಸ ಮುರಿಯೋದೇ, ಬ್ರೇಕ್‌ಫಾಸ್ಟೂ ಉಪವಾಸ ಮುರಿಯೋದೇ, ಒಂದು ಲ್ಯಾಟಿನ್ ಫ್ರೆಂಚ್ ದಾರಿಯಲ್ಲಿ ಬಂದದ್ದು ಇನ್ನೊಂದು ಇಂಗ್ಲಿಷಿನ ಸ್ವಂತದ್ದು.

ಹಸಿವಿಗೂ ಮೆಟ್ಟಿಲುಗಳುಂಟು, ಪೆಕಿಶ್ ಅಂದ್ರೆ ಬ್ರಿಟಿಷರ ಪ್ರಕಾರ ಸಣ್ಣ ಹಸಿವು, ಹಂಗ್ರಿ ಅಂದ್ರೆ ಮಾಮೂಲು ಹಸಿವು, ರಾವೆನಸ್, ಫ್ಯಾಮಿಶ್ಡ್ ಅಂದ್ರೆ ತಡೀಲಿಕ್ಕಾಗದ ಹಸಿವು. ಸ್ಟಾರ್ವಿಂಗ್ ಅಂತ ಹುಡುಗರು ಈಗ ತಮಾಷೆಗೆ ಹೇಳ್ತಾರೆ, ಅದರ ಮೂಲ ಅರ್ಥ ಸಾಯೋದು, ಜರ್ಮನ್‌ನಲ್ಲಿ ಸ್ಟರ್ಬೆನ್ ಈಗಲೂ ಸಾಯೋದೇ. ಸ್ನೇಹಿತರ ಮಧ್ಯೆ ಐ ಆಮ್ ಸ್ಟಾರ್ವಿಂಗ್ ಅಂದ್ರೆ ಪರವಾಗಿಲ್ಲ, ಆದ್ರೆ ನಿಜವಾಗಿ ಹಸಿದು ಸಾಯ್ತಾ ಇರೋರ ಬಗ್ಗೆ ಬರೆಯುವಾಗಲೂ ಇದೇ ಶಬ್ದ ಅಂತ ನೆನಪಿರಲಿ ಅಂತ ಟೀಚರ್ ಗಂಭೀರವಾಗಿ ಹೇಳಿದ್ರು, ನನಗೂ ಅದು ಸರಿ ಅನ್ನಿಸ್ತದೆ. ಗೋರ್ಮೇ, ಗೋರ್ಮಾಂಡ್, ಗ್ಲಟನ್ ಮೂರನ್ನು ಬೇಗ ಮುಗಿಸಿದ್ರು, ಗೋರ್ಮೇ ರುಚಿ ಬಲ್ಲವ, ಗೋರ್ಮಾಂಡ್ ತಿಂಡಿಪೋತ, ಗ್ಲಟನ್ ಹೊಟ್ಟೆಬಾಕ. ಮೊದಲನೇದು ಹೊಗಳಿಕೆ, ಕೊನೇದು ಬೈಗುಳ, ಮೆನುವಿನಲ್ಲಿ ಹಾಕುವಾಗ ಜಾಗ್ರತೆ.

ಸರಿ, ಈಗ ಕೊರತೆಗಳು. ಮಳೆಗಾಲದಲ್ಲಿ ಮಹಡಿಯ ತಗಡಿನ ಮೇಲೆ ಮಳೆ ಬಿದ್ದಾಗ ಟೀಚರ್ ಸ್ವರ ಕೇಳೋದೇ ಇಲ್ಲ, ಮೈಕ್ ಒಂದು ಬೇಕೇ ಬೇಕು. ಅಚ್ಚಾದ ನೋಟ್ಸ್ ಕೊಡೋದಿಲ್ಲ, ಎಲ್ಲ ಬೋರ್ಡಿಂದ ಬರ್ಕೊಳ್ಬೇಕು, ಒಂದು ಕ್ಲಾಸ್ ತಪ್ಪಿದ್ರೆ ಬೇರೆಯವರ ಪುಸ್ತಕ ಕೇಳ್ಬೇಕು. ಉಚ್ಚಾರಣೆಗೆ ಇಷ್ಟು ಸಮಯ ಕೊಟ್ಟದ್ದು ಸಾಲ್ದು, ಡಿವೌರ್ ಗೋರ್ಮೇ ಥರದ ಶಬ್ದ ನಾಲ್ಕೈದು ಸಲ ಬಾಯಲ್ಲಿ ಹೇಳ್ಸಿದ್ರೆ ಒಳ್ಳೆದಿತ್ತು. ಪರೀಕ್ಷೆಗೆ ಶಾರ್ಟ್ ಕಟ್ ಬೇಕಾದವರಿಗೆ ಈ ಕ್ಲಾಸ್ ನಿಧಾನ ಅನ್ನಿಸಬಹುದು, ಒಂದು ಸಂಜೆ ಪೂರ್ತಿ ತಿನ್ನೋ ಶಬ್ದಗಳಲ್ಲೇ ಹೋಗ್ತದೆ. ನನ್ನ ಮಟ್ಟಿಗೆ ಅದೇ ಇದರ ಬೆಲೆ. ಇದಕ್ಕಿಂತ ಮೊದಲು ದುಡ್ಡು ಕೊಟ್ಟು ಸೇರಿದ್ದ ಒಂದು ಆನ್‌ಲೈನ್ ಕೋರ್ಸಲ್ಲಿ ಗಾಬಲ್, ನಿಬಲ್, ಮಂಚ್, ಡಿವೌರ್ ಎಲ್ಲದರ ಎದುರು ತಿನ್ನು ಅಂತ ಒಂದೇ ಅರ್ಥ ಬರೆದು ಬಾಯಿಪಾಠ ಮಾಡಿ ಅಂತ ಕಳ್ಸಿದ್ರು, ಕೇಳಿದ್ರೆ ಉತ್ತರವೂ ಇಲ್ಲ.

ಟೀಚರ್ ಒಂದೇ ಖರ್ಚು ಮಾಡ್ಲಿಕ್ಕೆ ಹೇಳೋದು, ಕಲಿಯೋರಿಗಾಗಿಯೇ ಮಾಡಿದ ಒಂದು ಡಿಕ್ಷನರಿ ತಗೊಳ್ಳಿ ಅಂತ. ಹಾರ್ನ್‌ಬಿ ಅನ್ನೋರು ಜಪಾನಲ್ಲಿ ಇಂಗ್ಲಿಷ್ ಕಲಿಸ್ತಾ ಇದ್ದಾಗ ಅಲ್ಲಿನ ಕಲಿಯೋರಿಗೆ ಅಂತ ಮಾಡಿದ್ದು, ಆಮೇಲೆ 1948ರಲ್ಲಿ ಆಕ್ಸ್‌ಫರ್ಡಿನವರು ಪ್ರಕಟಿಸಿದ್ದು, ಅದರ ಹೊಸ ಅಚ್ಚು ಈಗಲೂ ಬರ್ತಾ ಉಂಟು, ನೆಟ್ಟಲ್ಲಿ ಫ್ರೀ ಆಗಿಯೂ ನೋಡಬಹುದು. ಶಬ್ದದ ಅರ್ಥ ಮಾತ್ರ ಅಲ್ಲ, ಅದು ಯಾವ ಶಬ್ದದ ಜೊತೆ ಬರ್ತದೆ, ಮಾತಿಗಾ ಬರವಣಿಗೆಗಾ ಅನ್ನೋದೂ ಅದರಲ್ಲಿ ಇರ್ತದೆ. ಪ್ಯಾಕೆಟಿನ ಮೇಲೆ ಕನ್‌ಸ್ಯೂಮ್ ಅಂತ ಬರೀತಾರೆ, ಮನೆಯಲ್ಲಿ ಮಗುವಿಗೆ ಕನ್‌ಸ್ಯೂಮ್ ಮಾಡು ಅಂತ ಯಾರೂ ಹೇಳೋದಿಲ್ಲ, ಅದು ಗೊತ್ತಾಗೋದು ಅಲ್ಲೇ.

ಫೀಸು ಪೇಟೆಯ ಬೇರೆ ಕ್ಲಾಸುಗಳಿಗಿಂತ ಕಡಿಮೆಯೇ, ಕೊಡ್ಲಿಕ್ಕೆ ಕಷ್ಟ ಇರೋರ ಹತ್ರ ಒತ್ತಾಯ ಮಾಡಿದ್ದನ್ನು ನಾನು ನೋಡಿಲ್ಲ. ಐದರಲ್ಲಿ ನಾಲ್ಕೂವರೆ ಸ್ಟಾರ್, ಅರ್ಧ ಹಿಡಿದದ್ದು ಮೈಕಿಗೆ. ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆಯವರು ಸಂಜೆ ವಾಪಸ್ ಬಸ್ಸಿನ ಟೈಮ್ ಮೊದಲೇ ಕೇಳಿ ಇಟ್ಕೊಳ್ಳಿ, ಕ್ಲಾಸ್ ಹೇಳಿದ ಹೊತ್ತಿಗೆ ಬಿಡೋದು ಕಡಿಮೆ. ಹೊಸ ಬ್ಯಾಚ್ ಶಾಲೆ ಶುರುವಾದ ಮೇಲೆ ಅಂತ ಹೇಳಿದ್ದಾರೆ, ಅಡ್ರೆಸ್ ಬೇಕಾದವರು ಕಮೆಂಟಲ್ಲಿ ಕೇಳೋದು ಬೇಡ, ಮೆಸೇಜ್ ಮಾಡಿ, ಟೀಚರ್ ಹತ್ರ ಕೇಳಿ ಕೊಡ್ತೇನೆ.